ಬೇಸ್ ಆಂಪ್‌ನ ಗುಂಯ್ ಸದ್ದು ಹುಡುಕಿದ್ದು ಹೀಗೆ

ನನ್ನ ಸಾಲಿಡ್ ಸ್ಟೇಟ್ (ವಾಲ್ವ್ ಇಲ್ಲದ, ಟ್ರಾನ್ಸಿಸ್ಟರಿನ) ಬೇಸ್ ಆಂಪ್, ಅಂದರೆ ಬೇಸ್ ಗಿಟಾರಿನ ಆಂಪ್ಲಿಫೈಯರ್, ಎರಡು ಥರ ಸದ್ದು ಮಾಡುತ್ತಿತ್ತು. ಆನ್ ಮಾಡಿದ ಕ್ಷಣದಿಂದ ಒಂದೇ ಸಮನೆ ಗುಂಯ್ ಅನ್ನುವ ಹಮ್, ಅದರ ಮೇಲೆ ಆಗಾಗ ಚರಚರ. ಎರಡಕ್ಕೂ ಒಂದೇ ಕಾರಣ ಇರಬೇಕು ಅಂದುಕೊಂಡಿದ್ದೆ. ಇರಲಿಲ್ಲ.

ಮೊದಲು ಗಿಟಾರಿನ ಕೇಬಲ್ ಕಿತ್ತೆ. ಸದ್ದು ಹಾಗೇ ಇತ್ತು, ಅಂದರೆ ಪಿಕಪ್ (ತಂತಿಯ ನಡುಕ ಹಿಡಿಯುವ ಗಿಟಾರಿನ ಭಾಗ), ಕೇಬಲ್ ಯಾವುದರದ್ದೂ ತಪ್ಪಲ್ಲ. ಆಮೇಲೆ ಗೇನ್, ಮಾಸ್ಟರ್ ವಾಲ್ಯೂಮ್ ಎರಡನ್ನೂ ಸೊನ್ನೆಗೆ ಇಳಿಸಿದೆ. ಆಗಲೂ ಕಡಿಮೆಯಾಗಲಿಲ್ಲ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ: ವಾಲ್ಯೂಮ್ ಜೊತೆ ಸದ್ದೂ ಇಳಿದರೆ ಮೂಲ ಅದಕ್ಕಿಂತ ಹಿಂದೆ ಇದೆ, ಇಳಿಯದಿದ್ದರೆ ಅದರ ಮುಂದೆ, ಇಲ್ಲವೇ ಪವರ್ ಸಪ್ಲೈನಲ್ಲಿ.

ಚರಚರ ಬೇಗ ಸಿಕ್ಕಿತು. ಎಫೆಕ್ಟ್ಸ್ ಲೂಪ್ ಅಂದರೆ ಸಿಗ್ನಲ್ಲನ್ನು ಹೊರಗಿನ ಎಫೆಕ್ಟ್ ಪೆಡಲ್ಲಿಗೆ ಕಳಿಸಿ (ಸೆಂಡ್) ವಾಪಸ್ ತರುವ (ರಿಟರ್ನ್) ಎರಡು ಜ್ಯಾಕ್. ಎಫೆಕ್ಟ್ಸ್ ಲೂಪ್‌ನ ಸೆಂಡ್‌ನಿಂದ ರಿಟರ್ನ್‌ಗೆ ಒಂದು ಚಿಕ್ಕ ಪ್ಯಾಚ್ ಕೇಬಲ್ ಹಾಕಿದೆ, ನಿಂತೇ ಹೋಯಿತು. ಲೂಪ್‌ಗೆ ಏನೂ ಹಾಕದಿದ್ದಾಗ ಸಿಗ್ನಲ್ ಜ್ಯಾಕ್ ಒಳಗಿನ ಒಂದು ಸಣ್ಣ ಸ್ಪ್ರಿಂಗ್ ಪಟ್ಟಿಯ ಮೂಲಕವೇ ದಾಟಬೇಕು. ನಾನು ಲೂಪ್ ಬಳಸುವುದೇ ಇಲ್ಲ, ವರ್ಷಗಟ್ಟಲೆ ಮುಟ್ಟದೆ ಆ ಪಟ್ಟಿ ಕಪ್ಪಾಗಿತ್ತು. ಪ್ಲಗ್‌ಗೆ ಸ್ವಲ್ಪ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತು ಹದಿನೈದು ಸಲ ಹಾಕಿ ತೆಗೆದೆ, ಅಷ್ಟೇ.

ಹಮ್ ಮಾತ್ರ ಉಳಿಯಿತು. ಮೀಟರ್ ಹಿಡಿಯುವ ಮುಂಚೆ ನಾನು ಬೇಸ್ ಗಿಟಾರನ್ನೇ ಬಳಸಿದೆ. ಕರೆಂಟು 50 ಹರ್ಟ್ಸ್ ಇರುವ ಕಡೆ, ಅರ್ಥ್ ಎರಡು ದಾರಿಯಲ್ಲಿ ಸೇರಿದಾಗ ಆಗುವ ಗ್ರೌಂಡ್ ಲೂಪ್‌ನ ಹಮ್ ಸಾಮಾನ್ಯವಾಗಿ 50 ಹರ್ಟ್ಸ್, ಇ ತಂತಿಯ 3ನೇ ಫ್ರೆಟ್ ಹತ್ತಿರದ ಸ್ವರ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿದ ಮೇಲೆ ಉಳಿಯುವ ಏರಿಳಿತ 100 ಹರ್ಟ್ಸ್. ಜಿ ತಂತಿ ಯಾವ ಫ್ರೆಟ್ ಒತ್ತದೆ ಮೀಟಿದರೆ 98. ಆಂಪ್‌ಗೆ ಜೋಡಿಸದೆ, ಸ್ಪೀಕರ್ ಪಕ್ಕ ಕೂತು ಜಿ ತಂತಿ ಮೀಟಿದೆ. ಎರಡೂ ಸದ್ದು ಒಂದರ ಮೇಲೊಂದು ಬಿದ್ದು ಸೆಕೆಂಡಿಗೆ ಹೆಚ್ಚು ಕಡಿಮೆ ಎರಡು ಸಲ ವಂವ್ ವಂವ್ ಅಂತ ಅಲೆ ಎದ್ದಿತು. ಹಾಗಾದರೆ ಇದು ಗ್ರೌಂಡ್ ಲೂಪ್ ಅಲ್ಲ, ಪವರ್ ಸಪ್ಲೈ. (60 ಹರ್ಟ್ಸ್ ಇರುವ ಕಡೆ 60 ಮತ್ತು 120 ಅಂತ ಲೆಕ್ಕ ಹಾಕಿಕೊಳ್ಳಿ.) ಗ್ರೌಂಡ್ ಲೂಪ್ ಆಗಿದ್ದರೂ ಪ್ಲಗ್‌ನ ಅರ್ಥ್ ಪಿನ್ ಮಾತ್ರ ಯಾವತ್ತೂ ತೆಗೆಯಬೇಡಿ, ತಂತಿ ಮೇಲೆ ಕೈ ಇಟ್ಟು ನುಡಿಸುವವರು ನಾವೇ ಅಲ್ವಾ.

ಪ್ಲಗ್ ಕಿತ್ತು ಆಂಪ್ ಬಿಚ್ಚಿದೆ. ಆ ಏರಿಳಿತ ತಗ್ಗಿಸುವ ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ಕರೆಂಟು ಉಳಿದಿರುತ್ತದೆ, ಸ್ಕ್ರೂ ಡ್ರೈವರ್ ಇಟ್ಟು ಶಾರ್ಟ್ ಮಾಡಬೇಡಿ. ನಾನು 1 ಕಿಲೋ ಓಮ್, 5 ವಾಟ್ ರೆಸಿಸ್ಟರ್ ಹಿಡಿದು ಇಳಿಸಿ, ಮೀಟರ್‌ನಲ್ಲಿ 1 ವೋಲ್ಟ್‌ಗಿಂತ ಕಡಿಮೆ ಬಂದ ಮೇಲೇ ಬೋರ್ಡ್ ಮುಟ್ಟಿದೆ. ಇದರ ಅಭ್ಯಾಸ ಇಲ್ಲದಿದ್ದರೆ ಗೊತ್ತಿರುವವರ ಕೈಗೆ ಕೊಡಿ.

ಹಮ್ ಅಂದ ಕೂಡಲೇ ಎಲ್ಲರ ಕಣ್ಣೂ ಆ ದೊಡ್ಡ ಕೆಪಾಸಿಟರ್‌ಗಳ ಮೇಲೇ ಹೋಗುತ್ತದೆ. ನಾನೂ ಹೊಸವು ತರಲು ಹೊರಟಿದ್ದೆ. ಅಳೆದು ನೋಡೋಣ ಅಂತ ಮತ್ತೆ ಆನ್ ಮಾಡಿ, ಒಂದೇ ಕೈಯಲ್ಲಿ ಪ್ರೋಬ್ ಹಿಡಿದು ಎಸಿ ರೇಂಜ್‌ನಲ್ಲಿ ನೋಡಿದರೆ ಪ್ಲಸ್, ಮೈನಸ್ ಎರಡೂ ಕಡೆ ಏರಿಳಿತ ಒಂದೇ ಥರ, ಅದೂ ಸ್ವಲ್ಪವೇ. ಅಂದರೆ ತಪ್ಪು ಅವುಗಳದ್ದಲ್ಲ. ಅಗ್ಗದ ಮೀಟರ್ ಡಿಸಿ ಇರುವ ಕಡೆ ಎಸಿ ತಪ್ಪಾಗಿ ತೋರಿಸಬಹುದು, ಅದಕ್ಕೇ ಪ್ರೋಬ್‌ಗೆ ಸಾಲಾಗಿ ಒಂದು 0.1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಸೇರಿಸಿಕೊಂಡಿದ್ದೆ.

ಸಿಗ್ನಲ್ಲನ್ನು ಮೊದಲು ಹಿಗ್ಗಿಸುವ ಭಾಗವಾದ ಪ್ರೀಆಂಪ್‌ನ ಆಪ್ ಆಂಪ್ ಚಿಪ್‌ಗಳಿಗೆ ಹೋಗುವ 15 ವೋಲ್ಟ್ ಲೈನ್‌ಗಳಲ್ಲಿ ವ್ಯತ್ಯಾಸ ಕಂಡಿತು. ಪ್ಲಸ್ ಶುದ್ಧವಾಗಿತ್ತು, ಮೈನಸ್‌ನಲ್ಲಿ ಏರಿಳಿತ ಅದರ ಹತ್ತಾರು ಪಟ್ಟು. ಆ ಲೈನ್‌ಗೆ ವೋಲ್ಟೇಜ್ ಇಳಿಸುವ ರೆಸಿಸ್ಟರ್ ಚೆನ್ನಾಗಿ ಬಿಸಿಯಾಗುತ್ತದೆ. ಅದಕ್ಕೆ ಒತ್ತಿಕೊಂಡೇ ಒಂದು ಸಣ್ಣ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂತಿತ್ತು, ರೆಸಿಸ್ಟರ್ ಕಡೆಯ ಅದರ ಪ್ಲಾಸ್ಟಿಕ್ ಹೊದಿಕೆ ಸುಕ್ಕುಗಟ್ಟಿ ಹಿಂದೆ ಸರಿದಿತ್ತು. ಆಫ್ ಮಾಡಿ, ಮತ್ತೆ ಕರೆಂಟು ಇಳಿಸಿ ಬೋರ್ಡ್ ತಿರುಗಿಸಿದರೆ ಅದರ ಒಂದು ಕಾಲಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಷ್ಟು ತೆಳು ಉಂಗುರದ ಬಿರುಕು. ಬಿಸಿಯೂ ಬೇಸ್‌ನ ನಡುಕವೂ ಸೇರಿ ಹೀಗೆ ಮಾಡುತ್ತವೆ, ಒಂದೇ ಡಬ್ಬದಲ್ಲಿ ಸ್ಪೀಕರ್ ಇರುವ ಆಂಪ್‌ನಲ್ಲಂತೂ ಜಾಸ್ತಿ.

105 ಡಿಗ್ರಿ ತಾಳುವ ಹೊಸ ಕೆಪಾಸಿಟರ್ ಹಾಕಿದೆ, ಪ್ಲಸ್ ಮೈನಸ್ ತಿರುಗುಮುರುಗಾಗದಂತೆ ಎರಡು ಸಲ ನೋಡಿ. ರೆಸಿಸ್ಟರ್ ಬಿಚ್ಚಿ ಬೋರ್ಡ್‌ನಿಂದ ಮೇಲೆತ್ತಿ, ಕೆಪಾಸಿಟರ್‌ನಿಂದ ಸ್ವಲ್ಪ ದೂರ ಬಗ್ಗಿಸಿ ಕೂರಿಸಿದೆ. ಹಳೆ ಬೆಸುಗೆ ಪೂರ್ತಿ ತೆಗೆದು ಹೊಸದು ಹಾಕಿದೆ.

ಆನ್ ಮಾಡಿದೆ. ಪೈಲಟ್ ಲ್ಯಾಂಪ್ ನೋಡಿಯೇ ಆನ್ ಆಗಿದೆ ಅಂತ ಗೊತ್ತಾಗಬೇಕು, ಅಷ್ಟು ಸದ್ದಿಲ್ಲ. ಗೇನ್ ಪೂರ್ತಿ ಏರಿಸಿದರೆ ಟ್ವೀಟರ್‌ನಲ್ಲಿ ಸಣ್ಣಗೆ ಸ್ಸ್ ಅನ್ನುತ್ತದೆ. ಅದು ಎಲ್ಲ ಆಂಪ್‌ನಲ್ಲೂ ಇರುವುದೇ, ಸುಮ್ನೆ ಬಿಟ್ಟಿದ್ದೇನೆ.