‘ಆರಾಮಿಲ್ಲ’ ಎನ್ನಬೇಕೋ, ‘ಒಲ್ಲೆ’ ಎನ್ನಬೇಕೋ? ನಯವಾಗಿ ತಪ್ಪಿಸಿಕೊಳ್ಳುವ ಮಾತಿನ ಕ್ರಮ

ರಾಯಚೂರು ಜಿಲ್ಲೆಯ ಮಾನ್ವಿಯಲ್ಲಿ ಹದಿನೆಂಟನೆಯ ಶತಮಾನದಲ್ಲಿ ನಡೆಯಿತೆಂದು ಹರಿದಾಸ ಪರಂಪರೆಯವರು ಇಂದಿಗೂ ಹೇಳುವ ಒಂದು ಕಥೆಯಿದೆ. ಸಂಸ್ಕೃತದಲ್ಲಿ ದೊಡ್ಡ ಪಂಡಿತರಾಗಿದ್ದ ಶ್ರೀನಿವಾಸಾಚಾರ್ಯರನ್ನು ವಿಜಯದಾಸರು ಊಟಕ್ಕೆ ಕರೆದರು. ಕನ್ನಡದಲ್ಲಿ ಹಾಡು ಕಟ್ಟುವ ದಾಸರ ಪಂಕ್ತಿಗೆ ಹೋಗಲು ಆಚಾರ್ಯರಿಗೆ ಮನಸ್ಸಿರಲಿಲ್ಲ. ಆದರೆ ಮನಸ್ಸಿಲ್ಲವೆಂದು ಹೇಳದೆ ಹೊಟ್ಟೆನೋವೆಂದು ಹೇಳಿ ಕಳಿಸಿದರು. ಹೇಳಿದ ನೋವು ನಿಜವಾಗಿಯೇ ಬಂದು ಅವರನ್ನು ಹಿಡಿಯಿತು, ಕೊನೆಗೆ ವಿಜಯದಾಸರ ಶಿಷ್ಯರಾದ ಗೋಪಾಲದಾಸರ ಕೃಪೆಯಿಂದ ಬಿಟ್ಟಿತು, ಆಚಾರ್ಯರೇ ಜಗನ್ನಾಥದಾಸರಾದರು. ಕಥೆಯನ್ನು ಭಕ್ತಿಯಿಂದ ಕೇಳುವವರು ಹಾಗೆ ಕೇಳಲಿ. ಮಾತಿನ ಬಳಕೆಯ ಕಣ್ಣಿನಿಂದ ನೋಡುವ ನನಗೆ ಅದರಲ್ಲಿ ಕಾಣುವುದು ಬೇರೆ. ಒಲ್ಲದ ಮನಸ್ಸಿಗೆ ಕನ್ನಡದಲ್ಲಿ ಬೇಕಾದಷ್ಟು ಮರ್ಯಾದೆಯ ಮಾತುಗಳಿರುವಾಗ ರೋಗದ ಹೆಸರನ್ನು ಎರವಲು ತರುವ ಅಗತ್ಯವೇ ಇರಲಿಲ್ಲ.

ಆದ್ದರಿಂದ ಕರೆ ಬಂದಾಗ ಮೊದಲು ಮಾಡಬೇಕಾದ ಕೆಲಸವೆಂದರೆ, ಉತ್ತರ ಕೊಡುವುದಕ್ಕೆ ಮುನ್ನ, ಅಡ್ಡ ಬಂದಿರುವುದು ಮೈಯೋ, ಮನಸ್ಸೋ ಅಥವಾ ಅನುಕೂಲವೋ ಎಂದು ತಾನೇ ಖಚಿತ ಮಾಡಿಕೊಳ್ಳುವುದು. ಇದು ಹೇಳಿದಷ್ಟು ಸುಲಭವಲ್ಲ, ಏಕೆಂದರೆ ನಮ್ಮ ಹಳೆಯ ಮಾತುಗಳೇ ಈ ಗೆರೆಯನ್ನು ಬೇಕೆಂದೇ ಮಸುಕಾಗಿಸಿವೆ. ಹಿಂದಿನ ತಲೆಮಾರಿನವರು ಕಾಗದದಲ್ಲಿ ಬರೆಯುತ್ತಿದ್ದ ‘ದೇಹಾಲಸ್ಯ’ ಎಂಬ ಮಾತನ್ನು ನೋಡಿ: ಅದರ ಅರ್ಥ ಅನಾರೋಗ್ಯ, ಆದರೆ ಒಳಗೆ ಕೂತಿರುವುದು ಆಲಸ್ಯ. ನಮ್ಮ ಕಡೆ ಕಾಯಿಲೆಗೆ ಹೇಳುವ ‘ಜಡ್ಡು’ ಎಂಬ ಮಾತೂ ಹಾಗೆಯೇ. ಮಲಗಿದ ರೋಗಿಗೂ ಜಡ್ಡು, ಚುರುಕು ಕಳೆದುಕೊಂಡ ಮನಸ್ಸೂ ಜಡ್ಡುಗಟ್ಟಿದ್ದು. ‘ಅಸ್ವಸ್ಥ’ ಎಂದರೆ ತನ್ನಲ್ಲಿ ತಾನು ನೆಲೆ ನಿಂತಿಲ್ಲ ಎಂದಷ್ಟೇ ಮೂಲಾರ್ಥ, ಜ್ವರವೋ ಬೇಸರವೋ ಅದು ಹೇಳುವುದಿಲ್ಲ. ಇಂಥ ಮಸುಕು ಮಾತುಗಳು ಕೇಳುವವರಿಗೆ ಸಾಕು; ಹೇಳುವವರಿಗೆ ಮಾತ್ರ ಒಳಗಿನ ನಿಜ ಗೊತ್ತಿರಬೇಕು.

ಮೈಯೇ ಕಾರಣವಾಗಿದ್ದರೆ ಬಾಯಿಮಾತಿನಲ್ಲಿ ರಾಯಚೂರು, ಕೊಪ್ಪಳದ ಕಡೆ ‘ಆರಾಮಿಲ್ರಿ’ ಎಂದರೆ ಮುಗಿಯಿತು. ಇದಕ್ಕಿಂತ ಮರ್ಯಾದೆಯ, ಇದಕ್ಕಿಂತ ಚಿಕ್ಕದಾದ ಮಾತು ಇಲ್ಲ. ಪಾರಸಿಯಿಂದ ಬಂದ ‘ಆರಾಮ’ ನೆಮ್ಮದಿಯನ್ನು ಹೇಳುತ್ತದೆಯೇ ಹೊರತು ರೋಗವನ್ನು ಹೆಸರಿಸುವುದಿಲ್ಲ. ‘ಹುಷಾರಿಲ್ಲ’ ಎಂಬುದೂ ಪಾರಸಿಯದೇ, ಎಚ್ಚರ ಸಾಲದು ಎಂಬ ಅರ್ಥದ್ದು. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದು ಕಚೇರಿಗಳಲ್ಲಿ ಉರ್ದು ಕೇಳಿದ ಈ ಎರಡು ಜಿಲ್ಲೆಗಳ ಹಿರಿಯರಲ್ಲಿ ‘ತಬಿಯತ್ತು ಸರಿಯಿಲ್ಲ’ ಎನ್ನುವವರೂ ಇದ್ದಾರೆ. ಮದ್ರಾಸ್ ಪ್ರಾಂತದಲ್ಲಿದ್ದು 1953ರಲ್ಲಿ ಮೈಸೂರಿಗೆ ಸೇರಿದ ಬಳ್ಳಾರಿಯಲ್ಲಿ ಮಾತಿನ ಬಣ್ಣ ಸ್ವಲ್ಪ ಬೇರೆಯಾದರೂ ‘ಆರಾಮಿಲ್ಲ’ ಎಂದರೆ ಅರ್ಥವಾಗದವರಿಲ್ಲ.

ಇನ್ನು ಕ್ರಿಯಾಪದವನ್ನು ಆರಿಸಬೇಕು, ಮತ್ತು ನನ್ನ ಅನುಭವದಲ್ಲಿ ನಯ ಇರುವುದೂ ಕೆಡುವುದೂ ಇಲ್ಲಿಯೇ. ‘ಬರುವುದಿಲ್ಲ’ ಎಂದರೆ ತೀರ್ಮಾನ ಹೇಳಿದಂತೆ. ‘ಬರಲೊಲ್ಲೆ’ ಎಂದರೆ ಮನಸ್ಸಿಲ್ಲವೆಂದು ಮುಖಕ್ಕೇ ಹೇಳಿದಂತೆ. ‘ಬರಲಾರೆ’ ಎಂದರೆ ಶಕ್ತಿಯಿಲ್ಲವೆಂದು ಬಾಗಿದಂತೆ. ‘ಬರಲಾಗುತ್ತಿಲ್ಲ’ ಎಂದರೆ ನಾನು ಅಲ್ಲ, ಸಂದರ್ಭವೇ ಬಿಡುತ್ತಿಲ್ಲ ಎಂದಂತೆ. ನಾಲ್ಕರ ನಡುವಿನ ಅಂತರ ಒಂದೆರಡು ಅಕ್ಷರದ್ದು, ಆದರೆ ಬೀಗರ ಮನೆಯಲ್ಲಿ ಅದು ಎರಡು ವರ್ಷದ ಮುನಿಸಿಗೆ ಸಾಕಾಗುತ್ತದೆ. ಮಾತಾಡುವಾಗ ‘ಬರಂಗಿಲ್ಲ’ ಎನ್ನುವ ಬದಲು ‘ಬರಾಕ ಆಗಂಗಿಲ್ರಿ’ ಎಂದರೆ ಅಷ್ಟೇ ಸುದ್ದಿ ಅರ್ಧ ಭಾರದಲ್ಲಿ ತಲುಪುತ್ತದೆ.

ನಮ್ಮ ಭಾಗದ ಆಡುಮಾತಿನಲ್ಲಿ ಇದಕ್ಕಿಂತಲೂ ಸೊಗಸಾದ ಒಂದು ಏರ್ಪಾಡಿದೆ. ‘ಒಲ್ಲದು’ ಎಂಬುದು ಇಲ್ಲಿ ‘ವಲ್ದು’ ಆಗಿ ಎಲ್ಲ ಕ್ರಿಯೆಗಳಿಗೂ ಅಂಟಿಕೊಳ್ಳುತ್ತದೆ: ಮಳಿ ಬರವಲ್ದು, ಬೋರು ನೀರು ಎತ್ತವಲ್ದು, ಗಾಡಿ ಚಾಲೂ ಆಗವಲ್ದು. ಮಳೆಗೂ ಯಂತ್ರಕ್ಕೂ ಮನಸ್ಸಿದೆ, ಅದು ಒಲ್ಲೆನ್ನುತ್ತಿದೆ ಎಂಬಂತೆ ಈ ಮಾತು ನಡೆಯುತ್ತದೆ. ಇದೇ ಸಾಲಿನಲ್ಲಿ ‘ಮೈ ಏಳವಲ್ದು’, ‘ಕಾಲು ಎತ್ತಿ ಇಡಾಕ ಬರವಲ್ವು’ ಎಂದಾಗ ಒಲ್ಲದಿರುವುದು ನಾನಲ್ಲ, ನನ್ನ ಮೈ, ನನ್ನ ಕಾಲು. ಕಾಯಿಲೆಯೂ ಒಲ್ಲದತನವೂ ಒಂದೇ ಪದದೊಳಗೆ ಕೂಡಿಕೊಂಡರೂ ಸುಳ್ಳು ಹುಟ್ಟುವುದಿಲ್ಲ. ದಣಿದವರಿಗೆ, ಬೇಸತ್ತವರಿಗೆ, ಏಪ್ರಿಲ್‌ ಮೇ ತಿಂಗಳ ರಾಯಚೂರಿನ ಬಿಸಿಲಿನಲ್ಲಿ ಮಧ್ಯಾಹ್ನದ ಕಾರ್ಯಕ್ಕೆ ಕರೆಸಿಕೊಂಡವರಿಗೆ ಈ ಮಾತು ಬಹಳ ಒದಗುತ್ತದೆ. ಬರಹದಲ್ಲಿ ಇದನ್ನು ತರುವಂತಿಲ್ಲವೆಂಬುದೊಂದೇ ಕೊರತೆ.

ಮಾತನ್ನು ಆರಿಸಿದ ಮೇಲೆ ಎಷ್ಟು ವಿವರ ಕೊಡಬೇಕೆಂಬ ಪ್ರಶ್ನೆ. ನಿಯಮ ಸರಳ: ಇರುವುದಕ್ಕಿಂತ ಒಂದು ಮೆಟ್ಟಿಲು ಕಡಿಮೆ ಹೇಳಬೇಕು. ನಾನೊಮ್ಮೆ ಇದನ್ನು ತಿರುವುಮುರುವು ಮಾಡಿ ಸಿಕ್ಕಿಬಿದ್ದಿದ್ದೇನೆ. ಕುಕನೂರಿನ ಹತ್ತಿರದ ಹಳ್ಳಿಯಿಂದ ಕಾಕಾ ಫೋನು ಮಾಡಿ ಒಂದು ನಿಶ್ಚಿತಾರ್ಥಕ್ಕೆ ಬರಲೇಬೇಕೆಂದಾಗ, ‘ಆರಾಮಿಲ್ಲ’ ಎಂದಿದ್ದರೆ ಮುಗಿಯುತ್ತಿತ್ತು. ಮಾತು ಗಟ್ಟಿಯಾಗಲಿ ಎಂದು ‘ಮೂರು ದಿನದಿಂದ ಜ್ವರ’ ಎಂದುಬಿಟ್ಟೆ. ಸಂಜೆ ಐದರ ಹೊತ್ತಿಗೆ ಕಾಕಾ ಕೊಪ್ಪಳದ ನಮ್ಮ ಮನೆಯ ಕಟ್ಟೆಯ ಮೇಲಿದ್ದರು, ಹೆಗಲ ಮೇಲಿನ ಟವೆಲ್ಲಿನಲ್ಲಿ ಅಮೃತಬಳ್ಳಿಯ ತುಂಡುಗಳು. ನನ್ನ ಮುಂದೆ ಒಗ್ಗರಣೆ ಮಂಡಾಳು, ಮಿರ್ಚಿ. “ಕೈ ಕೊಡು ಇಲ್ಲೆ ತಮ್ಮಾ” ಎಂದು ಮಣಿಕಟ್ಟು ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದು, “ತಣ್ಣಗೈತಲ್ಲೋ” ಎಂದರು. ಬೈಯಲಿಲ್ಲ. ಬಳ್ಳಿಯನ್ನು ಕುಟ್ಟಿಸಿ, ಕಷಾಯ ಮಾಡಿಸಿ, ನಾನು ಪೂರ್ತಿ ಕುಡಿಯುವವರೆಗೆ ಎದುರಿಗೇ ಕೂತಿದ್ದು ಕೊನೆಯ ಬಸ್ಸಿಗೆ ಹೋದರು. ಅಮೃತಬಳ್ಳಿಯಷ್ಟು ಕಹಿ ನಾನು ಇನ್ನೊಂದು ಕಂಡಿಲ್ಲ. ರೋಗಕ್ಕೆ ಹೆಸರು ಕೊಟ್ಟರೆ ಮದ್ದು ಹೇಳುವವರು, ನೋಡಲು ಬರುವವರು, ಯಾವ ಡಾಕ್ಟರ ಹತ್ತಿರ ತೋರಿಸಿದಿರಿ ಎನ್ನುವವರು ಹಿಂದೆಯೇ ಬರುತ್ತಾರೆ. ಹೆಸರಿಲ್ಲದ ‘ಆರಾಮಿಲ್ಲ’ಕ್ಕೆ ಈ ಬಾಲವಿಲ್ಲ.

ಕಾಗದದ ಮೇಲೆ ಬರೆಯುವಾಗ ಪದ್ಧತಿ ಬೇರೆ. ‘ರಜೆ’ ಎಂಬ ಮಾತೇ ಒಪ್ಪಿಗೆ ಎಂಬ ಅರ್ಥದ ಅರಬ್ಬಿ ಮೂಲದಿಂದ ಬಂದದ್ದು. ಆದ್ದರಿಂದ ‘ರಜೆ ಹಾಕಿದ್ದೇನೆ’ ಎಂಬುದು ಬಾಯಿಮಾತಿಗೆ ಸರಿಯಾದರೂ ಅರ್ಜಿಯಲ್ಲಿ ಒಪ್ಪಿಗೆಯನ್ನು ಬೇಡಬೇಕು. “ಮಾನ್ಯರೇ, ನಿನ್ನೆ ರಾತ್ರಿಯಿಂದ ಮೈ ಸ್ವಸ್ಥವಿಲ್ಲದ ನಿಮಿತ್ತ ಇಂದು ಕಚೇರಿಗೆ ಹಾಜರಾಗಲು ಸಾಧ್ಯವಾಗುತ್ತಿಲ್ಲ. ಆದ್ದರಿಂದ ಇಂದಿನ ಒಂದು ದಿನದ ಸಾಂದರ್ಭಿಕ ರಜೆಯನ್ನು ಮಂಜೂರು ಮಾಡಬೇಕಾಗಿ ವಿನಂತಿ” ಎಂಬ ಎರಡು ವಾಕ್ಯ ಸಾಕು. ‘ತೀವ್ರ’, ‘ವಿಪರೀತ’, ‘ಭಯಂಕರ’ ಎಂಬ ವಿಶೇಷಣಗಳನ್ನು ಹೊಡೆದುಹಾಕಿ, ಏಕೆಂದರೆ ಮೇಜಿನ ಆಚೆ ಕೂತವರು ಅಂಥ ಅರ್ಜಿಗಳನ್ನು ನೂರಾರು ಓದಿದ್ದಾರೆ. ಮನೆಗೆಲಸವಿದ್ದರೆ ‘ಸ್ವಂತ ಕೆಲಸದ ನಿಮಿತ್ತ’ ಎಂದೇ ಬರೆಯಿರಿ. ಸಾಂದರ್ಭಿಕ ರಜೆಗೆ ಕಾಯಿಲೆ ಬೀಳಲೇಬೇಕೆಂದೇನೂ ಇಲ್ಲ. ವೈದ್ಯಕೀಯ ಕಾರಣದ ದೀರ್ಘ ರಜೆಯಾದರೆ ಈ ಮಸುಕು ಮಾತುಗಳು ನಡೆಯುವುದಿಲ್ಲ, ಅಲ್ಲಿ ವೈದ್ಯರ ಪ್ರಮಾಣಪತ್ರವೇ ಮಾತಾಡಬೇಕು.

ಹೆಣ್ಣುಮಕ್ಕಳು ‘ಹೊರಗಾಗಿದ್ದೇನೆ’ ಎಂದು ಮನೆಯಲ್ಲಿಯೂ, ‘ಹೊಟ್ಟೆನೋವು’ ಎಂದು ಕಚೇರಿಯಲ್ಲಿಯೂ ಹೇಳಿ ಸುಮ್ಮನಾಗುತ್ತಿದ್ದ ಸಂದರ್ಭಕ್ಕೆ ಈಗ ನೇರವಾದ ಹೆಸರು ಸಿಕ್ಕಿದೆ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ತಿಂಗಳಿಗೆ ಒಂದು ದಿನದ ವೇತನಸಹಿತ ಋತುಚಕ್ರ ರಜೆಯ ನೀತಿಗೆ ಒಪ್ಪಿಗೆ ಕೊಟ್ಟಿತು. ಬರೆಯಲು ಸಂಕೋಚವಿಲ್ಲದವರು ಹಾಗೆಯೇ ಬರೆಯಬಹುದು. ಸಂಕೋಚವಿದ್ದವರಿಗೆ ‘ಅಸ್ವಸ್ಥತೆ’ ಇದ್ದೇ ಇದೆ.

ಇನ್ನು ಉಳಿದದ್ದು ನಿಜವಾದ ಕಷ್ಟ: ಮೈ ಗಟ್ಟಿಯಿದೆ, ಮನಸ್ಸಿಲ್ಲ. ಇಲ್ಲಿ ಒದಗುವ ಮಾತುಗಳು ಎರಡು. ಬರಹಕ್ಕೆ ‘ಕಾರಣಾಂತರಗಳಿಂದ’, ಬಾಯಿಗೆ ‘ಅನುಕೂಲ ಇಲ್ರಿ’. ‘ಕಾರಣಾಂತರ’ವೆಂದರೆ ಬೇರೆ ಯಾವುದೋ ಕಾರಣ, ಅದು ಯಾವುದೆಂದು ಕೇಳುವುದು ಕೇಳುವವರ ಅಸಭ್ಯತೆಯಾಗುತ್ತದೆ, ಆದ್ದರಿಂದ ಹೇಳಿದವರು ಪಾರು. ‘ಅನಿವಾರ್ಯ ಕಾರಣ’ ಎಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದರಲ್ಲಿ ಒಂದು ಸಣ್ಣ ಸುಳ್ಳಿದೆ, ಮತ್ತು ಅದು ಸಭೆ ಮುಂದೂಡುವ ಪ್ರಕಟಣೆಗಳಲ್ಲಿ ಸವೆದುಹೋಗಿದೆ. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆ ನಮ್ಮ ಜನಕ್ಕೆ ಬಾಯಿಪಾಠ. ಒಲ್ಲದ ಗಂಡನಿಗೆ ಮೊಸರಿನಲ್ಲಿ ಕಲ್ಲು ಎಂಬುದೂ ಅಷ್ಟೇ. ನೆಲವನ್ನೂ ಮೊಸರನ್ನೂ ದೂರಿದೊಡನೆ ಸಿಕ್ಕಿಬಿದ್ದಂತೆ. ಆದ್ದರಿಂದ ಕರೆದವರ ಕಾರ್ಯದಲ್ಲಾಗಲಿ, ದಾರಿಯಲ್ಲಾಗಲಿ, ದಿನದಲ್ಲಾಗಲಿ ತಪ್ಪು ಹುಡುಕದೆ, ಕರೆದದ್ದಕ್ಕೆ ಸಂತೋಷ ಹೇಳಿ, ‘ಈ ಸಲ ಅನುಕೂಲ ಆಗಂಗಿಲ್ರಿ’ ಎಂದು ಹೇಳಿ, ಬಳಿಕ ಮುಯ್ಯಿಯನ್ನು ಯಾರ ಕೈಯಲ್ಲಾದರೂ ಕಳಿಸಿಬಿಡಬೇಕು. ಮುಯ್ಯಿ ಮುಟ್ಟಿದ ಮನೆಯಲ್ಲಿ ಬಾರದವರ ಲೆಕ್ಕ ಬಹಳ ದಿನ ನಡೆಯುವುದಿಲ್ಲ.

ಚಹಾ ಬೇಡವೆನ್ನುವುದು ಇದೆಲ್ಲಕ್ಕಿಂತ ಕಠಿಣ, ಏಕೆಂದರೆ ನಮ್ಮ ಕಡೆ ಕಪ್ಪು-ಬಸಿ ಕೈಗೆ ಬಂದ ಮೇಲೆಯೇ ಕೇಳುತ್ತಾರೆ. ‘ಒಲ್ಲೆ’ ಎಂದರೆ ಅತ್ತಿ ಮುಖ ಸಣ್ಣದು ಮಾಡುತ್ತಾಳೆ. ‘ಈಗರ ಆಗೇತ್ರಿ’ ಎಂದರೆ ‘ಅರ್ಧ ತಗೋರಿ’ ಬರುತ್ತದೆ. ‘ಪಿತ್ತ ಆಗೈತ್ರಿ’ ಎಂಬುದಕ್ಕೆ ಮಾತ್ರ ಎದುರುತ್ತರವಿಲ್ಲ. ಅದು ರೋಗವೂ ಅಲ್ಲ, ನಿರಾಕರಣೆಯೂ ಅಲ್ಲ, ಎಲ್ಲರಿಗೂ ಒಮ್ಮೊಮ್ಮೆ ಆಗುವಂಥದ್ದು. ನಾನು ಇದನ್ನು ವರ್ಷಕ್ಕೆ ಮೂರು ನಾಲ್ಕು ಸಲಕ್ಕಿಂತ ಹೆಚ್ಚು ಬಳಸುವುದಿಲ್ಲ, ಒಂದೇ ಓಣಿಯಲ್ಲಿ ಎರಡು ಮನೆಗಳಲ್ಲಿ ಅಂತೂ ಇಲ್ಲವೇ ಇಲ್ಲ.

ಕೊನೆಯ ಹೆಜ್ಜೆಯನ್ನು ಹೆಚ್ಚಿನವರು ಮರೆಯುತ್ತಾರೆ. ‘ಆರಾಮಿಲ್ಲ’ ಎಂದು ಹೇಳಿ ತಪ್ಪಿಸಿಕೊಂಡ ಮೇಲೆ ಎಂಟು ದಿನಕ್ಕೋ ಹದಿನೈದು ದಿನಕ್ಕೋ ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಕೊಪ್ಪಳದ ಗವಿಮಠದ ಜಾತ್ರೆಯ ಗದ್ದಲದಲ್ಲಿ ಅವರು ಎದುರಾಗಿ “ಈಗ ಆರಾಮೇನ್ರಿ?” ಎಂದು ಕೇಳುತ್ತಾರೆ. ಆಗ ‘ಯಾಕ, ಏನಾಗಿತ್ತು?’ ಎಂಬ ಮುಖ ಮಾಡದೆ, ತಡಮಾಡದೆ, “ಈಗ ಆರಾಮ್ರಿ ಮಾವಾರ” ಎನ್ನಬೇಕು.