ನಿಂತವರ ವಿವರ, ಒಂದೇ ಹಾಳೆಯಲ್ಲಿ

2023ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಶಿವಮೊಗ್ಗ ಜಿಲ್ಲೆಯ ನಮ್ಮ ತಾಲ್ಲೂಕಿನಲ್ಲಿ ಕೆಲವರು ಸೇರಿ ಒಂದು ಕೆಲಸ ಹಿಡಿದೆವು. ಯಾವ ಪಕ್ಷದ ಪರವೂ ಅಲ್ಲ. ಚುನಾವಣೆಗೆ ನಿಂತವರ ವಿವರ ಒಂದೇ ಹಾಳೆಯಲ್ಲಿ ಮನೆಮನೆಗೆ ಮುಟ್ಟಿಸುವುದು.

ವಿವರ ಸಿಗುವುದೇನೂ ಕಷ್ಟವಲ್ಲ. ಚುನಾವಣಾ ಸುಧಾರಣೆಗೆ ದುಡಿಯುವ ಎಡಿಆರ್ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟಿತು. ಅದರ ಫಲವಾಗಿ ಇವತ್ತು ಪ್ರತಿ ಅಭ್ಯರ್ಥಿಯೂ ತನ್ನ ಮೇಲಿನ ಕೇಸು, ಆಸ್ತಿ, ಸಾಲ, ಓದು ಎಲ್ಲವನ್ನೂ ಅಫಿಡವಿಟ್ಟಿನಲ್ಲಿ ಬರೆದುಕೊಡಬೇಕು. ಚುನಾವಣಾ ಆಯೋಗದ ಜಾಲತಾಣದಲ್ಲಿ ಅದು ಸಿಗುತ್ತದೆ. ಆದರೆ ತೋಟದ ಕೆಲಸ ಬಿಟ್ಟು ಅಷ್ಟು ಪುಟ ಯಾರು ಓದುತ್ತಾರೆ?

ಕೇಸಿನ ವಿಷಯ ಎತ್ತಿದರೆ, "ರಾಜಕೀಯ ಅಂದ್ಮೇಲೆ ಕೇಸು ಇದ್ದದ್ದೇ ಮಾರಾಯ್ರೆ" ಎನ್ನುತ್ತಿದ್ದರು ಊರಿನ ಜನ. ಆ ಮಾತಿನಲ್ಲಿ ಹುರುಳಿದೆ. ಧರಣಿ ಕೂತದ್ದಕ್ಕೆ ಬಿದ್ದ ಕೇಸೂ ಮೋಸದ ಕೇಸೂ ಒಂದೇ ಅಲ್ವಲ್ಲ. ಅದಕ್ಕೇ ಸುಮ್ನೆ ಎಷ್ಟು ಕೇಸು ಅಂತ ಬರೆಯದೆ, ಯಾವ ಆರೋಪ ಎಂದೂ ಬಿಡಿಸಿ ಬರೆದೆವು.

ಜನ ಜಾಸ್ತಿ ಓದಿದ್ದು ಹಾಳೆಯ ಹಿಂಬದಿಯನ್ನು. ಅಲ್ಲಿ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆಗಳು: ಸರ್ಕಾರಿ ಜಮೀನು ಸಾಗುವಳಿ ಮಾಡಿಕೊಂಡವರ ಬಗರ್ ಹುಕುಂ ಅರ್ಜಿಗಳಿಗೆ ಏನು ಮಾಡುತ್ತೀರಿ? ಅಡಿಕೆಯ ಎಲೆಚುಕ್ಕಿ ರೋಗಕ್ಕೆ? ಮಳೆಗಾಲದಲ್ಲಿ ಮಕ್ಕಳು ಹಳ್ಳ ದಾಟುವ ಕಾಲುಸಂಕಕ್ಕೆ? ಉತ್ತರ ಕೊಟ್ಟವರದ್ದು ಅವರ ಮಾತಿನಲ್ಲೇ ಹಾಕಿದೆವು. ಕೊಡದವರ ಜಾಗ ಖಾಲಿ ಬಿಟ್ಟೆವು. ಖಾಲಿ ಜಾಗ ಕಂಡ ಕಾರ್ಯಕರ್ತರೇ ಓಡಿಬಂದು, "ನಮ್ಮವರದ್ದೂ ಹಾಕಿ" ಎಂದರು. ನಮ್ಮ ಕೆಲಸದ ದೊಡ್ಡ ಪರಿಣಾಮ ಅದೇ ಎಂದು ನನಗನ್ನಿಸುತ್ತದೆ.

ಇಂಥ ಹಾಳೆಯಿಂದ ಓಟು ಬದಲಾಗುತ್ತದಾ? 2008ರ ದೆಹಲಿ ಚುನಾವಣೆಯಲ್ಲಿ ಸತರ್ಕ್ ನಾಗರಿಕ್ ಸಂಘಟನೆ ಎಂಬ ನಾಗರಿಕರ ಸಂಸ್ಥೆ ಕಲೆಹಾಕಿದ ಮಾಹಿತಿಯಿಂದ ಶಾಸಕರ ರಿಪೋರ್ಟ್ ಕಾರ್ಡ್ ಮಾಡಿ ಕೊಳೆಗೇರಿಗಳಲ್ಲಿ ಹಂಚಿದ್ದರು. ಅಲ್ಲಿ ಮತದಾನ ಏರಿತು, ಚೆನ್ನಾಗಿ ಕೆಲಸ ಮಾಡಿದವರಿಗೆ ಓಟು ಹೆಚ್ಚಿತು, ಹಣ ಹಂಚುವುದೂ ತಗ್ಗಿತು ಎಂದು ಅಧ್ಯಯನ ಮಾಡಿದವರು ಬರೆದಿದ್ದಾರೆ. ಆದರೆ ಬ್ರೆಜಿಲ್, ಮೆಕ್ಸಿಕೊ, ಉಗಾಂಡ ಮುಂತಾದ ಕಡೆ ಇಂಥದ್ದೇ ಪ್ರಯತ್ನ ಮಾಡಿದಾಗ ಒಟ್ಟಾರೆ ಓಟಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ದೆಹಲಿಯ ಕಾರ್ಡಿನಲ್ಲಿ ಎದುರಾಳಿಗಳ ವಿವರವೂ ಪಕ್ಕದಲ್ಲೇ ಇತ್ತು. ಹೋಲಿಸಿ ನೋಡಲು ಸಿಕ್ಕಿದ್ದರಿಂದಲೇ ಅದು ನಾಟಿತು ಎಂಬುದು ನನ್ನ ನಂಬಿಕೆ.

ನೀವೂ ಮಾಡುವುದಾದರೆ, ಹಾಳೆಯ ಮೇಲೆ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಕಡ್ಡಾಯವಾಗಿ ಹಾಕಿ. ಪ್ರಜಾಪ್ರತಿನಿಧಿ ಕಾಯ್ದೆ ಅದನ್ನು ಕೇಳುತ್ತದೆ. ಅಭ್ಯರ್ಥಿಗಳ ಉತ್ತರವನ್ನು ಸಹಿ ಸಮೇತ ತೆಗೆದುಕೊಳ್ಳಿ. ನಮ್ಮ ಕಡೆ ಕಾಲುಸಂಕದ ಬಗ್ಗೆ ಬಂದ ಉತ್ತರಗಳನ್ನು ಗ್ರಾಮಸಭೆಯಲ್ಲಿ ಈಗಲೂ ಓದುತ್ತೇವೆ.