ಕುಂಟುವ ಕುದುರೆಯ ಕಾಲಿಗೆ ಬೇಕಾದ ಕಾಲ

ಕುದುರೆಯ ಮುಂಗಾಲಿನ ಹಿಂಬದಿಯಲ್ಲಿ, ಮೊಣಕಾಲಿಗಿಂತ ಕೆಳಗೆ, ಬಾಳೆಕಾಯಿಯ ಬೆನ್ನಿನಂತೆ ಹೊರಕ್ಕೆ ಬಾಗಿದ ಊತ ಕಾಣಿಸಿಕೊಂಡರೆ ಅದು ಬಹುಮಟ್ಟಿಗೆ ಸ್ನಾಯುರಜ್ಜಿನ, ಅಂದರೆ ಟೆಂಡನ್‌ನ ಗಾಯವಾಗಿರುತ್ತದೆ. ಪಂದ್ಯದ ಕುದುರೆಗೂ ಮೈಸೂರಿನ ಅರಮನೆಯ ಸುತ್ತ ಪ್ರವಾಸಿಗರನ್ನು ಹೊತ್ತು ತಿರುಗುವ ಟಾಂಗಾ ಕುದುರೆಗೂ ಈ ಗಾಯ ಒಂದೇ. ವಾಸಿಯಾಗಲು ಹಿಡಿಯುವ ಕಾಲವೂ ಒಂದೇ, 9ರಿಂದ 12 ತಿಂಗಳು. ಆದರೆ ಕುಂಟು ಮಾತ್ರ 3-4 ವಾರಗಳಲ್ಲೇ ಮರೆಯಾಗಬಹುದು. ಈ ಎರಡು ಅವಧಿಗಳ ನಡುವಿನ ಅಂತರದಲ್ಲೇ ಹೆಚ್ಚಿನ ಕುದುರೆಗಳ ಕಾಲು ಶಾಶ್ವತವಾಗಿ ಕೆಡುತ್ತದೆ.

ಮೊದಲು ಯಾವ ಕಾಲು ಎಂಬುದನ್ನು ಗುರುತಿಸಬೇಕು. ಕುದುರೆಯನ್ನು ಗಟ್ಟಿಯಾದ, ಸಮತಟ್ಟಾದ ನೆಲದ ಮೇಲೆ, ಹಗ್ಗವನ್ನು ಸಡಿಲವಾಗಿ ಹಿಡಿದು ನೇರವಾಗಿ ನಡೆಸಿ, ಅನಂತರ ಟ್ರಾಟ್ ಎನ್ನುವ ಮೆಲುಓಟದಲ್ಲಿ ಸ್ವಲ್ಪ ದೂರ ಓಡಿಸಿ, ಇನ್ನೊಬ್ಬರು ಎದುರಿನಿಂದಲೂ ಪಕ್ಕದಿಂದಲೂ ನೋಡಬೇಕು. ನೋಯುವ ಮುಂಗಾಲು ನೆಲ ಮುಟ್ಟಿದಾಗ ಕುದುರೆ ತಲೆಯನ್ನು ಮೇಲಕ್ಕೆತ್ತುತ್ತದೆ, ಸರಿಯಿರುವ ಕಾಲಿನ ಮೇಲೆ ಭಾರ ಬಿದ್ದಾಗ ತಲೆ ಕೆಳಗಿಳಿಯುತ್ತದೆ. ಹೊಸಬರು ಇದನ್ನು ತಲೆಕೆಳಗಾಗಿ ತಿಳಿದು ಒಳ್ಳೆಯ ಕಾಲಿಗೆ ಪಟ್ಟಿ ಕಟ್ಟಿದ್ದನ್ನು ನಾನು ಕಂಡಿದ್ದೇನೆ. ಹಿಂಗಾಲು ನೋಯುತ್ತಿದ್ದರೆ ತಲೆಗಿಂತ ಸೊಂಟವನ್ನು ನೋಡಬೇಕು. ನೋಯುವ ಬದಿಯ ಸೊಂಟ ಹೆಚ್ಚು ಏರಿಳಿಯುತ್ತದೆ. ಆದರೆ ಕುದುರೆ ಕಾಲನ್ನು ಊರಲೇ ಒಪ್ಪದಿದ್ದಾಗ ಈ ಪರೀಕ್ಷೆ ಕೂಡದು. ಮೂಳೆ ಮುರಿದಿರುವ ಸಾಧ್ಯತೆ ಇರುವುದರಿಂದ ಒಂದು ಹೆಜ್ಜೆಯನ್ನೂ ಇಡಿಸದೆ, ಇದ್ದಲ್ಲಿಗೇ ಪಶುವೈದ್ಯರನ್ನು ಕರೆಸಬೇಕು.

ಊತ ಕಣ್ಣಿಗೆ ಬಿದ್ದರೂ ಗೊರಸನ್ನು ಪರೀಕ್ಷಿಸದೆ ಮುಂದುವರಿಯಬಾರದು, ಏಕೆಂದರೆ ಕುಂಟಿನ ಮೂಲ ಬಹಳಷ್ಟು ಸಲ ಗೊರಸಿನೊಳಗೇ ಇರುತ್ತದೆ. ಮಳೆಗಾಲದಲ್ಲಿ ಕೆಸರಿನಲ್ಲಿ ನಿಂತು ಮೆತ್ತಗಾದ ಗೊರಸಿನೊಳಗೆ ಕೀವು ಕಟ್ಟಿದರೆ ಕುದುರೆ ಕಾಲು ಮುರಿದಂತೆಯೇ ಕುಂಟುತ್ತದೆ. ವೈದ್ಯರು ಕೀವಿಗೆ ದಾರಿ ಮಾಡಿಕೊಟ್ಟರೆ ಒಂದೆರಡು ದಿನಗಳಲ್ಲೇ ಹಗುರಾಗುತ್ತದೆ. ಅಂಗಾಲಿಗೆ ಮೊಳೆ ಚುಚ್ಚಿಕೊಂಡಿದ್ದರೆ, ಅದು ಇನ್ನಷ್ಟು ಒಳಹೋಗುವ ಭಯವಿಲ್ಲದಿದ್ದಾಗ, ವೈದ್ಯರು ಬರುವವರೆಗೆ ಅದನ್ನು ಕೀಳದಿರುವುದೇ ಲೇಸು, ಏಕೆಂದರೆ ಮೊಳೆ ಯಾವ ದಿಕ್ಕಿನಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಎಕ್ಸ್‌ರೇಯಲ್ಲಿ ಕಾಣುವುದು ಅದು ಒಳಗಿದ್ದಾಗ ಮಾತ್ರ. ಕೀಳಲೇಬೇಕಾಗಿ ಬಂದರೆ ರಂಧ್ರದ ಜಾಗವನ್ನು ಮೊಬೈಲಿನಲ್ಲಿ ಚಿತ್ರ ತೆಗೆದು, ಮೊಳೆಯನ್ನು ಎತ್ತಿಡಬೇಕು. ಧನುರ್ವಾಯು ಕುದುರೆಗಳನ್ನು ಬಹು ಸುಲಭವಾಗಿ ಬಲಿ ತೆಗೆದುಕೊಳ್ಳುವುದರಿಂದ ಚರ್ಮ ಅಥವಾ ಅಂಗಾಲು ಒಡೆದ ಪ್ರತಿಯೊಂದು ಗಾಯದಲ್ಲೂ ಅದರ ಚುಚ್ಚುಮದ್ದಿನ ಬಗ್ಗೆ ಕೇಳಬೇಕು. ಕೀಲಿನ ಹತ್ತಿರದ ಸಣ್ಣ ಗಾಯದಿಂದ ಹಳದಿ ಬಣ್ಣದ, ಬೆರಳಿಗೆ ಎಳೆಯೆಳೆಯಾಗಿ ಅಂಟುವ ದ್ರವ ಬರುತ್ತಿದ್ದರೆ ಅದು ಕೀಲಿನೊಳಗಿನ ನೀರಾಗಿರಬಹುದು. ಅಂಥ ಗಾಯವನ್ನು ನಾಳೆಗೆ ಬಿಡುವಂತಿಲ್ಲ.

ಟೆಂಡನ್ನಿಗೆ ಗಾಯವಾದ ಮೊದಲ 2-3 ದಿನ ತಣ್ಣೀರೇ ಮುಖ್ಯ ಉಪಚಾರ. ಪೈಪಿನ ನೀರನ್ನು, ಅಥವಾ ಮಂಜುಗಡ್ಡೆ ಬೆರೆಸಿದ ನೀರನ್ನು, ದಿನಕ್ಕೆ 3-4 ಸಲ 15ರಿಂದ 20 ನಿಮಿಷ ಊದಿದ ಭಾಗದ ಮೇಲೆ ಹರಿಸಬೇಕು. ಮಂಜುಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ಒತ್ತಿ ಹಿಡಿಯಬಾರದು. ಕಾಲನ್ನು ಒರೆಸಿ ಒಣಗಿಸಿದ ಮೇಲೆ ಮೊಣಕಾಲಿನ ಕೆಳಗಿನಿಂದ ಗೊರಸಿನ ಮೇಲಿನ ಗಂಟಿನವರೆಗೆ ಹತ್ತಿಯ ದಪ್ಪ ಪದರ ಸುತ್ತಿ, ಅದರ ಮೇಲೆ ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ, ಎಲ್ಲೆಡೆ ಒಂದೇ ಬಿಗಿಯಲ್ಲಿ ಪಟ್ಟಿ ಕಟ್ಟಬೇಕು. ಪಟ್ಟಿಯ ಮೇಲಂಚಿನೊಳಗೆ ಒಂದು ಬೆರಳು ತೂರುವಷ್ಟು ಸಡಿಲ ಇರಲಿ. ಒಂದೇ ಜಾಗದಲ್ಲಿ ದಾರದಂತೆ ಬಿಗಿದ ಪಟ್ಟಿ ತಾನೇ ಹೊಸದೊಂದು ಟೆಂಡನ್ ಗಾಯವನ್ನು ಉಂಟುಮಾಡಬಲ್ಲದು. ದಿನಕ್ಕೆ ಎರಡು ಬಾರಿಯಾದರೂ ಬಿಚ್ಚಿ, ಕಾಲನ್ನು ನೋಡಿ, ಮತ್ತೆ ಕಟ್ಟಬೇಕು. ಭಾರವನ್ನೆಲ್ಲ ಹೊತ್ತು ನಿಂತಿರುವ ಎದುರಿನ ಕಾಲಿಗೂ ಪಟ್ಟಿ ಬೇಕು.

ನೋವಿನ ಔಷಧವನ್ನು ಅಂಗಡಿಯಿಂದ ತಂದು ಕೊಡುವ ಅಭ್ಯಾಸ ಬಿಡಬೇಕು. ಅಳತೆ ತಪ್ಪಿದರೆ ಹೊಟ್ಟೆಯಲ್ಲಿ ಹುಣ್ಣಾಗುವುದೂ ಮೂತ್ರಪಿಂಡ ಕೆಡುವುದೂ ಒಂದು ಕಡೆಯಾದರೆ, ನೋವು ಮಾಯವಾದ ಕುದುರೆ ಗಾಯದ ಕಾಲನ್ನು ನಿರ್ಭಯವಾಗಿ ಬಳಸಿ ಹರಿದುಕೊಳ್ಳುವುದು ಇನ್ನೊಂದು ಕಡೆ. ಡೈಕ್ಲೊಫೆನಾಕ್ ಅಂತೂ ಪ್ರಾಣಿಗಳಿಗೆ ಕೊಡುವಂತೆಯೇ ಇಲ್ಲ. ಅದನ್ನು ತಿಂದ ಜಾನುವಾರುಗಳ ಕಳೇಬರದಿಂದ ರಣಹದ್ದುಗಳು ಸತ್ತದ್ದು ತಿಳಿದ ಮೇಲೆ 2006ರಲ್ಲಿ ಭಾರತ ಸರ್ಕಾರ ಅದರ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸಿತು. ಬರೆ ಹಾಕಿಸುವವರು ಈಗಲೂ ಇದ್ದಾರೆ. ಕಾದ ಕಬ್ಬಿಣದಿಂದ ಟೆಂಡನ್ ಬೇಗ ಕೂಡುವುದಿಲ್ಲವೆಂಬುದನ್ನು ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಪಶುವೈದ್ಯರು 1983ರಲ್ಲಿ ಪ್ರಕಟಿಸಿದ ಅಧ್ಯಯನವೇ ತೋರಿಸಿತ್ತು. ಬರೆ ಹಾಕಿಸಿಕೊಂಡ ಕುದುರೆ ಗುಣವಾಗಿದ್ದರೆ ಅದಕ್ಕೆ ಕಾರಣ, ಬರೆಯ ಗಾಯ ಮಾಯಲೆಂದು ಕೊಟ್ಟ ತಿಂಗಳುಗಟ್ಟಲೆಯ ವಿಶ್ರಾಂತಿ ಎಂದೇ ನನ್ನ ಅಭಿಪ್ರಾಯ.

ಗಾಯದ ನಿಜವಾದ ಅಳತೆ ಸಿಗುವುದು ಅಲ್ಟ್ರಾಸೌಂಡಿನಲ್ಲಿ. ಹರಿದ ಭಾಗ ಮೊದಲ ಕೆಲವು ದಿನ ದೊಡ್ಡದಾಗುತ್ತಲೇ ಹೋಗುವುದರಿಂದ ಸುಮಾರು ಒಂದು ವಾರ ಕಳೆದ ಮೇಲಿನ ಚಿತ್ರವೇ ಹೆಚ್ಚು ನಂಬಿಕೆಗೆ ಅರ್ಹ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಬೋಧನಾ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಕೊಂಡು ಹೋಗಬಹುದು. ಟೆಂಡನ್ ಎಂಬುದು ತೆಂಗಿನ ನಾರಿನ ಹುರಿಹಗ್ಗದಂತೆ, ಎಳೆಗಳೆಲ್ಲ ಎಳೆತದ ದಿಕ್ಕಿನಲ್ಲೇ ಸಾಲಾಗಿ ಕೂಡಿದ ರಚನೆ. ಹರಿದ ಜಾಗದಲ್ಲಿ ಮೊದಲು ಬೆಳೆಯುವ ಕೊಲಾಜನ್ ಎಳೆಗಳು ತೆಳುವಾಗಿರುತ್ತವೆ, ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡಿರುತ್ತವೆ. ಅವು ಬಲಿತು ಉದ್ದಕ್ಕೆ ಸಾಲಾಗಬೇಕಾದರೆ ಹಿತಮಿತವಾದ ಎಳೆತ ಬೇಕು. ಆದ್ದರಿಂದ ಒಂದು ವರ್ಷ ಕಟ್ಟಿಹಾಕಿ ಒಮ್ಮೆಲೇ ಗಾಡಿಗೆ ಹೂಡುವುದೂ ತಪ್ಪು, ತಿಂಗಳಿಗೇ ಹೂಡುವುದೂ ತಪ್ಪು.

ವೈದ್ಯರು ಬೇರೆ ಹೇಳದಿದ್ದರೆ ಸಾಮಾನ್ಯ ಕ್ರಮ ಹೀಗಿರುತ್ತದೆ: ಮೊದಲ ಎರಡು ವಾರ ಲಾಯದಲ್ಲೇ ವಿಶ್ರಾಂತಿ, ಆಮೇಲೆ ಕೈಯಲ್ಲಿ ಹಿಡಿದು ದಿನಕ್ಕೆ ಎರಡು ಸಲ 5ರಿಂದ 10 ನಿಮಿಷ ನಡಿಗೆ, ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಮೂರು ತಿಂಗಳ ಹೊತ್ತಿಗೆ ದಿನಕ್ಕೆ ಮುಕ್ಕಾಲು ಗಂಟೆ. ಮೆಲುಓಟಕ್ಕೆ ಮುನ್ನ ಮತ್ತೊಂದು ಅಲ್ಟ್ರಾಸೌಂಡ್ ಮಾಡಿಸಿ, ಅದು ಸರಿಯಿದ್ದರೆ 5 ನಿಮಿಷದಿಂದ ಆರಂಭಿಸಬೇಕು. ನೆಲ ಗಟ್ಟಿಯಾಗಿ, ಸಮತಟ್ಟಾಗಿರಬೇಕು. ಆಳವಾದ ಮರಳು, ಇಳಿಜಾರು, ಬಿಗಿ ತಿರುವು ಬೇಡ. ಪ್ರತಿದಿನ ಬೆಳಿಗ್ಗೆ ನಡೆಸುವ ಮೊದಲು ಎರಡೂ ಮುಂಗಾಲುಗಳ ಹಿಂಬದಿಯನ್ನು ಅಂಗೈಯಿಂದ ಮೇಲಿನಿಂದ ಕೆಳಕ್ಕೆ ಸವರಿ ಹೋಲಿಸಬೇಕು. ಗಾಯದ ಕಾಲು ನಿನ್ನೆಗಿಂತ ಬೆಚ್ಚಗಿದ್ದರೆ, ಬೆರಳೊತ್ತಿದಾಗ ಕುದುರೆ ಕಾಲೆಳೆದುಕೊಂಡರೆ, ಅಂದು ನಡಿಗೆ ನಿಲ್ಲಿಸಿ ಮಾರನೆಯ ದಿನದಿಂದ ಹಿಂದಿನ ವಾರದ ಲೆಕ್ಕಕ್ಕೆ ಇಳಿಯಬೇಕು.

ನಿಂತಲ್ಲೇ ನಿಂತ ಕುದುರೆಗೆ ಹುರುಳಿಯ ಪ್ರಮಾಣ ಮೊದಲಿನಷ್ಟೇ ಇದ್ದರೆ ಮೈ ಬಿಸಿಯೇರಿ, ಹೊರಗೆ ಕರೆತಂದೊಡನೆ ಎಗರಾಡಿ ಮತ್ತೆ ಗಾಯ ಮಾಡಿಕೊಳ್ಳುತ್ತದೆ. ಕಾಳನ್ನು ಒಂದು ವಾರದಲ್ಲಿ ಹಂತಹಂತವಾಗಿ ಇಳಿಸಿ, ದೇಹತೂಕದ ಶೇ. 2ರಷ್ಟು ಒಣಹುಲ್ಲನ್ನು, ಅಂದರೆ 300 ಕಿಲೋ ತೂಗುವ ಟಾಂಗಾ ಕುದುರೆಗೆ ಸುಮಾರು 6 ಕಿಲೋ, ದಿನವಿಡೀ ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಓಡಾಟ ಕಡಿಮೆಯಾದಾಗ ಕರುಳಿನ ಚಲನೆಯೂ ಮಂದವಾಗುವುದರಿಂದ ನೀರು ತಪ್ಪದಂತೆ ನೋಡಿ, ಲದ್ದಿ ಕಡಿಮೆಯಾಯಿತೇ ಎಂದು ಗಮನಿಸಬೇಕು. ಹೊಟ್ಟೆಯತ್ತ ತಿರುಗಿ ನೋಡುವುದು, ನೆಲ ಕೆರೆಯುವುದು, ಹೊರಳುವುದು ಕಂಡರೆ ಅದು ಹೊಟ್ಟೆನೋವು. ಲಾಳವನ್ನು 5-6 ವಾರಕ್ಕೊಮ್ಮೆ ಬಿಚ್ಚಿಸಿ ಗೊರಸನ್ನು ಕೆತ್ತಿಸಬೇಕು. ಮುಂದಕ್ಕೆ ಉದ್ದ ಬೆಳೆದ ಗೊರಸು ಪ್ರತಿ ಹೆಜ್ಜೆಯಲ್ಲೂ ಹಿಂದಿನ ಟೆಂಡನ್ನನ್ನು ಹೆಚ್ಚು ಜಗ್ಗುತ್ತದೆ.

ನಾನು ಕಂಡ ಒಂದು ಕಂದು ಹೆಣ್ಣುಕುದುರೆ ಐದನೆಯ ವಾರದಲ್ಲಿ ಒಂಚೂರೂ ಕುಂಟದೆ ನಡೆಯುತ್ತಿತ್ತು. “ಸುಮ್ಮನೆ ನಿಲ್ಲಿಸಿ ಎಷ್ಟು ದಿನ ಅಂತ ಮೇಯಿಸೋದು ಸ್ವಾಮಿ, ಮನೆ ನಡೀಬೇಕಲ್ಲ” ಎಂದು ಒಡೆಯ ದಸರಾ ಜನಸಂದಣಿಯ ದಿನ ಗಾಡಿಗೆ ಹೂಡಿದರು. ಸಂಜೆಯ ಹೊತ್ತಿಗೆ ಊತ ಮೊದಲಿಗಿಂತ ದೊಡ್ಡದಾಗಿತ್ತು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಒಂಬತ್ತು ತಿಂಗಳು ದುಡಿಯದ ಕುದುರೆಯನ್ನು ಸಾಕುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಆದ್ದರಿಂದ ಆ ಲೆಕ್ಕವನ್ನು ಮೊದಲ ವಾರವೇ ವೈದ್ಯರೆದುರು ಕುಳಿತು ಹಾಕಬೇಕು, ಸಾಧ್ಯವಿಲ್ಲವೆಂದಾದರೆ ಭಾರದ ಕೆಲಸದಿಂದ ನಿವೃತ್ತಿ ಕೊಡಿಸುವ ದಾರಿಯನ್ನು ಆಗಲೇ ಹುಡುಕಬೇಕು.

ಮರಳಿ ಗಾಡಿಗೆ ಹೂಡುವ ಮೊದಲ ದಿನ ಖಾಲಿ ಗಾಡಿ, ತಂಪು ಹೊತ್ತು, ಸಮತಟ್ಟು ರಸ್ತೆ, ಹತ್ತೇ ನಿಮಿಷದ ನಡಿಗೆ. ಬಿಚ್ಚಿದ ಮೇಲೆ ಕಾಲಿಗೆ ತಣ್ಣೀರು ಹರಿಸಿ ಲಾಯಕ್ಕೆ ಕಟ್ಟಿ, ಎರಡನೆಯ ಬಾರಿ ಹೂಡಬಹುದೇ ಎಂಬುದನ್ನು ಮರುದಿನ ಬೆಳಿಗ್ಗೆ ಕಾಲನ್ನು ಸವರಿ ನೋಡಿದ ಮೇಲೆ ತೀರ್ಮಾನಿಸಬೇಕು.